ಅಕ್ಷರ ಮಾಸಿದ ಕಾಗದ

ರೋಣ ತಾಲ್ಲೂಕು ಬಿಟ್ಟು ಹೈದರಾಬಾದಿಗೆ ಬಂದಾಗ ವೀರಭದ್ರಪ್ಪನವರಿಗೆ ಇಪ್ಪತ್ತಮೂರು ವರ್ಷ. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಗುಮಾಸ್ತರಾಗಿ ಸೇರಿದರು, ಅದೇ ಉಗ್ರಾಣದ ಮುಖ್ಯಸ್ಥರಾಗಿ ನಿವೃತ್ತರಾದರು. ನಡುವಿನ ಮೂವತ್ತೇಳು ವರ್ಷಗಳಲ್ಲಿ ತೆಲುಗು ಕಲಿತರು, ಅಲ್ಲಿನ ಉರ್ದುವಾದ ದಖನಿ ಕಲಿತರು, ಗುಣವತಿಯನ್ನು ಮದುವೆಯಾದರು, ಉಪ್ಪಲ್‌ನಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದರು. ಎರಡು ಕೂಸುಗಳು ಹುಟ್ಟುವ ಮೊದಲೇ ಹೋದವು, ಮೂರನೆಯದು ಉಳಿಯಿತು. ಉಳಿದವಳೇ ಪ್ರಫುಲ್ಲಾ.

ತಡವಾಗಿ ಬಂದ ಮಗಳು. ಅವಳಿಗೆ ನೆಗಡಿಯಾದರೆ ಇವರು ಕಾರ್ಖಾನೆಗೆ ರಜೆ ಹಾಕುತ್ತಿದ್ದರು. ಶಾಲೆಯ ಬಸ್ಸು ಹತ್ತು ನಿಮಿಷ ತಡವಾದರೆ ಉಪ್ಪಲ್ ಕ್ರಾಸಿನ ತನಕ ನಡೆದುಕೊಂಡು ಹೋಗಿ ನಿಲ್ಲುತ್ತಿದ್ದರು. ಗುಣವತಿ ನಗುತ್ತಿದ್ದರು, ನಾ ಹಡದೀನೋ ನೀವು ಹಡದೀರೋ ಎಂದು.

ಪ್ರಫುಲ್ಲಾಗೆ ಹನ್ನೆರಡಾದ ವರ್ಷ, ಜನವರಿಯ ಮೊದಲ ವಾರ, ಕಾರ್ಖಾನೆಗೆ ಯಂತ್ರ ಪೂರೈಸುತ್ತಿದ್ದ ಜಪಾನಿನ ಕಂಪನಿಯ ಏಜೆಂಟನೊಬ್ಬ ಉಗ್ರಾಣಕ್ಕೆ ಬಂದು ಒಂದು ಕ್ಯಾಲೆಂಡರು ಕೊಟ್ಟುಹೋದ. ದಪ್ಪ ಕಾಗದದ ದೊಡ್ಡ ಕ್ಯಾಲೆಂಡರು. ಆಫೀಸಿನ ಗೋಡೆಗೆ ಹಾಕಿದರೆ ಎಣ್ಣೆಯ ಕೈ ತಾಗಿ ಹಾಳಾದೀತೆಂದು ವೀರಭದ್ರಪ್ಪ ಅದನ್ನು ಸುರುಳಿ ಸುತ್ತಿ ಮನೆಗೆ ತಂದರು. ಮೊದಲ ಹಾಳೆಯಲ್ಲಿ ಒಂದು ನದಿ, ನದಿಯ ಮೇಲೆ ಒಂದು ದೋಣಿ, ದೋಣಿ ನಡೆಸುವವನ ಬೆನ್ನು ಮತ್ತು ಹುಲ್ಲಿನ ಟೊಪ್ಪಿಗೆ. ಉಳಿದದ್ದೆಲ್ಲ ಬರೀ ಬಿಳಿ ಕಾಗದ. ಅಚ್ಚು ಸರಿಯಾಗಿ ಬಿದ್ದಿಲ್ಲ ಎಂದರು ಗುಣವತಿ. ಪ್ರಫುಲ್ಲಾ ಮಾತ್ರ ಅದರ ಮುಂದೆ ಕೂತುಬಿಟ್ಟಳು. ಆ ಬಿಳಿಯೇ ಹಿಮ ಎಂದು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ಹಿಮವನ್ನು ಅವಳು ಕಂಡವಳೂ ಅಲ್ಲ. ಆದರೂ ಅವತ್ತು ಸಂಜೆ ಊಟಕ್ಕೆ ಕರೆದಾಗ ಬಂದು ಹೇಳಿದಳು, ಆ ಮನುಷ್ಯನಿಗೆ ಚಳಿ ಆಗಾಕತ್ತೈತಿ ಎಂದು.

ಹನ್ನೆರಡು ಹಾಳೆಗಳಲ್ಲಿ ಹನ್ನೆರಡು ಚಿತ್ರ. ಎಲ್ಲವೂ ಮರದ ಹಲಗೆಯ ಮೇಲೆ ಕೆತ್ತಿ, ಬಣ್ಣ ಹಚ್ಚಿ, ಕಾಗದ ಒತ್ತಿ ತೆಗೆದವು ಎಂದು ಹಿಂಬದಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು. ಅದನ್ನು ಓದಿದ ಮೇಲೆ ಅವಳ ಕೈ ಸುಮ್ಮನೆ ಕೂರಲಿಲ್ಲ. ಮೊದಲು ರಬ್ಬರನ್ನು ಕೆತ್ತಿದಳು, ಆಮೇಲೆ ಬಟಾಟೆಯನ್ನು. ವೀರಭದ್ರಪ್ಪ ಉಗ್ರಾಣದಲ್ಲಿ ಒಡೆದುಹಾಕಿದ ಪೆಟ್ಟಿಗೆಗಳಿಂದ ಒಂದೊಂದು ಗೇಣು ಹಲಗೆ ತಂದುಕೊಡತೊಡಗಿದರು. ಆ ರದ್ದಿ ಹಲಗೆಗೂ ಅವರು ಗೇಟ್ ಪಾಸ್ ಬರೆಸಿ, ಕಾವಲುಗಾರನಿಂದ ಸಹಿ ಹಾಕಿಸಿಯೇ ಹೊರಗೆ ತರುತ್ತಿದ್ದರು. ಅಂಥ ಮನುಷ್ಯ ಅವರು.

ಕೆತ್ತನೆ ಕಲಿಸಿದವರು ಯಾಕೂಬ್ ಸಾಹೇಬರು. ತಮ್ಮನ ಮಗಳ ಲಗ್ನಪತ್ರಿಕೆ ಮಾಡಿಸಲು ವೀರಭದ್ರಪ್ಪ ಮಗಳನ್ನೂ ಕರೆದುಕೊಂಡು ಛತ್ತಾ ಬಜಾರಿಗೆ ಹೋದಾಗ, ಒಂದು ಅಂಗಡಿಯ ಒಳಮೂಲೆಯಲ್ಲಿ ಬಿಳಿ ಗಡ್ಡದ ಮುದುಕರೊಬ್ಬರು ಮೊಳಕಾಲ ನಡುವೆ ಮರದ ತುಂಡು ಹಿಡಿದು, ಉರ್ದು ಅಕ್ಷರಗಳನ್ನು ತಿರುವುಮುರುವಾಗಿ ಕೆತ್ತುತ್ತಿದ್ದರು. ಪತ್ರಿಕೆಯ ಮಾತು ಮುಗಿದರೂ ಹುಡುಗಿ ಅಲ್ಲಿಂದ ಏಳಲಿಲ್ಲ. ಮುಂದಿನ ಭಾನುವಾರದಿಂದ ತಂದೆ ಮಗಳು ಇಬ್ಬರೂ ಬಸ್ಸಿನಲ್ಲಿ ಛತ್ತಾ ಬಜಾರಿಗೆ ಹೋಗುವುದು ರೂಢಿಯಾಯಿತು. ಅವಳು ಯಾಕೂಬ್ ಸಾಹೇಬರ ಪಕ್ಕ ಕೂರುವಳು, ಇವರು ಎದುರಿನ ಇರಾನಿ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಎರಡು ತಾಸು ಕಾಯುವರು. ಸಾಹೇಬರು ಹೆಚ್ಚು ಮಾತಿನವರಲ್ಲ. ಅವಳು ಅವಸರ ಮಾಡಿದಾಗ ಮಾತ್ರ, "ಬೇಟಾ, ಹಾಥ್ ಕೋ ಜಲ್ದೀ ನಕೋ" ಅನ್ನುವರು. ಕೈಗೆ ಅವಸರ ಬೇಡ. ಎಂಟು ವರ್ಷ ಅವಳು ಕಲಿತ ಪಾಠ ಹೆಚ್ಚುಕಡಿಮೆ ಅಷ್ಟೇ.

ಚಿತ್ರಕಲಾ ಕಾಲೇಜು ಸೇರುವ ಹೊತ್ತಿಗೆ ಪ್ರಫುಲ್ಲಾಳ ಕಣ್ಣು ಬೇರೆಯೇ ಆಗಿತ್ತು. ಜಪಾನಿನವರು ಹಿಮವನ್ನು ಬಿಳಿ ಬಿಟ್ಟಹಾಗೆ ಅವಳು ಉಪ್ಪಲ್ಲಿನ ಧೂಳನ್ನು ಬಿಳಿ ಬಿಟ್ಟಳು. ಆಗ ಊರ ಎರಡೂ ತುದಿಯಲ್ಲಿ ಕಟ್ಟಡಗಳು ಏಳುತ್ತಿದ್ದವು. ಮಾಧಾಪುರದ ಕಡೆ ಗಾಜಿನ ಗೋಪುರಗಳಂತೆ, ಕಂಪ್ಯೂಟರಂತೆ ಎಂದು ಊರೆಲ್ಲ ಅದೇ ಮಾತು. ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ಹೆಂಗಸರು ಸಿಮೆಂಟಿನ ಬುಟ್ಟಿ ಹೊತ್ತು ಹಲಗೆಯ ಏಣಿ ಹತ್ತುತ್ತಿದ್ದರು. ಅವರು ಕನ್ನಡ ಮಾತಾಡುವುದು ಕೇಳಿ ಪ್ರಫುಲ್ಲಾ ಹತ್ತಿರ ಹೋದಳು, ಹೋಗಿ ಕೂತಳು, ಚಿತ್ರ ಬರೆದಳು. ಸುಗಲಮ್ಮ ಎಂಬ ಹೆಂಗಸನ್ನು ಮೂರು ಬಣ್ಣದಲ್ಲಿ ಅಚ್ಚು ಹಾಕಿ ಅವಳಿಗೇ ತೋರಿಸಿದಾಗ ಅವಳು ಬಹಳ ಹೊತ್ತು ನೋಡಿ, "ನನ್ನ ಮಾರಿ ಎಲ್ಲೈತ್ಯವ್ವಾ?" ಎಂದು ಕೇಳಿದಳಂತೆ. ಮುಖ ಬುಟ್ಟಿಯ ನೆರಳಲ್ಲಿ ಮುಚ್ಚಿಹೋಗಿತ್ತು. ಚಿತ್ರದಲ್ಲಿ ಇದ್ದದ್ದು ಕುತ್ತಿಗೆಯ ನರ, ಎತ್ತಿದ ಒಂದು ಕೈ, ಮತ್ತು ಕಾಗದದ ಅರ್ಧಕ್ಕಿಂತ ಹೆಚ್ಚು ಖಾಲಿ.

ವೀರಭದ್ರಪ್ಪನವರೂ ಅದನ್ನೇ ಕೇಳಿದ್ದರು. "ಇಷ್ಟ ಜಾಗಾ ಯಾಕ ಖಾಲಿ ಬಿಟ್ಟಿ, ಯವ್ವಾ?"

"ಅದು ಖಾಲಿ ಅಲ್ಲಪ್ಪಾ. ಅಲ್ಲಿ ಧೂಳ ಐತಿ. ನೀ ದೂರ ನಿಂತು ನೋಡು."

ದೂರ ನಿಂತು ನೋಡಿದರು. ಪೂರ್ತಿ ಕಂಡಿತೆಂದು ಹೇಳಲಾರರು, ಆದರೆ ಗಂಟಲು ಕೆರೆದಂತಾಯಿತು.

ಕಾಲೇಜಿನ ಕೊನೆಯ ವರ್ಷ ಹಿರಾನೊ ಎಂಬ ಜಪಾನಿ ಕಲಾವಿದೆ ಮೂರು ದಿನದ ಶಿಬಿರ ನಡೆಸಲು ಬಂದರು. ಅರವತ್ತೈದು ದಾಟಿದ, ಕುಳ್ಳ ಮೈಯ ಹೆಂಗಸು. ಬೆಟ್ಟದ ಮೇಲಿನ ಹಳ್ಳಿಯೊಂದರಲ್ಲಿ ಅಚ್ಚಿನ ಕಾರ್ಯಾಗಾರ ಇಟ್ಟುಕೊಂಡವರು. ಪ್ರಫುಲ್ಲಾಳ ಹಲಗೆಯನ್ನು ಕೈಗೆತ್ತಿಕೊಂಡು, ಬೆರಳಿನಿಂದ ಸವರಿ, ಇದನ್ನು ಯಾರ ಹತ್ತಿರ ಕಲಿತೆ ಎಂದು ಕೇಳಿದರು. ಮರುದಿನ ಪ್ರಫುಲ್ಲಾ ಅವರನ್ನು ಛತ್ತಾ ಬಜಾರಿಗೆ ಕರೆದೊಯ್ದಳು. ಅವತ್ತು ವೀರಭದ್ರಪ್ಪನವರೂ ಜೊತೆಗಿದ್ದರು. ಒಬ್ಬರಿಗೆ ಜಪಾನಿ, ಇನ್ನೊಬ್ಬರಿಗೆ ದಖನಿ, ನಡುವೆ ಒಂದು ಮಾತೂ ಹಾಯಲಿಲ್ಲ. ಯಾಕೂಬ್ ಸಾಹೇಬರು ತಮ್ಮ ಉಳಿಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಹಿರಾನೊ ತಮ್ಮ ಚೀಲದಿಂದ ತಮ್ಮವನ್ನು ತೆಗೆದಿಟ್ಟರು. ಇಬ್ಬರೂ ಒಂದೊಂದನ್ನೇ ಎತ್ತಿ, ಹೆಬ್ಬೆರಳಿಗೆ ಅಂಚು ತಾಗಿಸಿ, ತಲೆಯಾಡಿಸಿ ಕೆಳಗಿಡುತ್ತ ಒಂದು ತಾಸು ಕಳೆದರು. ಹೊರಡುವಾಗ ಹಿರಾನೊ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಸಾಹೇಬರು ಏನು ಮಾಡಬೇಕೆಂದು ತಿಳಿಯದೆ ಎದೆಯ ಮೇಲೆ ಕೈ ಇಟ್ಟುಕೊಂಡರು.

ಆ ಹಿರಾನೊ ಅವರ ಕಾರ್ಯಾಗಾರದಲ್ಲಿ ಒಂದೂವರೆ ವರ್ಷ ಉಳಿದು ಕಲಿಯುವುದಕ್ಕೆ ಹೊರದೇಶದ ಒಬ್ಬರನ್ನು ಆರಿಸುತ್ತಿದ್ದರು. ಹೋಗಿಬರುವ ಖರ್ಚು, ಊಟ, ವಸತಿ ಎಲ್ಲ ಅವರದೇ. ಇಸವಿ ಎರಡು ಸಾವಿರದ ಅಕ್ಟೋಬರಿನಲ್ಲಿ ಪ್ರಫುಲ್ಲಾ ಹನ್ನೆರಡು ಅಚ್ಚುಗಳನ್ನು ಕಟ್ಟಿ ಕಳಿಸಿದಳು. ಆಯ್ಕೆಯಾದವರಿಗೆ ಮಾತ್ರ ಜನವರಿಯ ಒಳಗೆ ಫ್ಯಾಕ್ಸ್ ಮೂಲಕ ತಿಳಿಸುತ್ತೇವೆ ಎಂದು ಅರ್ಜಿಯಲ್ಲಿತ್ತು. ಮನೆಯಲ್ಲಿ ಫೋನೇ ಇರಲಿಲ್ಲ, ಫ್ಯಾಕ್ಸ್ ಎಲ್ಲಿಂದ ಬರಬೇಕು. ವೀರಭದ್ರಪ್ಪನವರೇ ಹೆಮ್ಮೆಯಿಂದ ತಮ್ಮ ಆಫೀಸಿನ ನಂಬರು ಬರೆಸಿದರು.

ಜನವರಿ ಹದಿನೆಂಟನೇ ತಾರೀಖು ಫ್ಯಾಕ್ಸ್ ಬಂತು.

ಬಂದದ್ದು ನೇರವಾಗಿ ಅವರ ಮೇಜಿಗಲ್ಲ, ಭದ್ರತಾ ಅಧಿಕಾರಿಯ ಮೇಜಿಗೆ. ಎರಡು ತಿಂಗಳ ಹಿಂದೆ ಇನ್ನೊಂದು ವಿಭಾಗದಲ್ಲಿ ಒಂದು ನಕ್ಷೆ ಕಾಣೆಯಾಗಿ ಒಬ್ಬನ ಕೆಲಸಕ್ಕೇ ಕುತ್ತು ಬಂದಿತ್ತು. ಅಂಥ ಹೊತ್ತಿನಲ್ಲಿ ರಕ್ಷಣಾ ಕಾರ್ಖಾನೆಗೆ ಪರದೇಶದಿಂದ ಕಾಗದ. ಅಧಿಕಾರಿ ಕರೆಸಿ, ಇದೇನು, ಯಾರಿವರು, ನಿಮ್ಮ ಮಗಳಿಗೆ ಹೇಗೆ ಪರಿಚಯ ಎಂದು ಕೇಳಿದ. ಮೂವತ್ಮೂರು ವರ್ಷದಲ್ಲಿ ಒಂದು ಮೊಳೆಯ ಲೆಕ್ಕವೂ ತಪ್ಪದ ಮನುಷ್ಯ ಈಗ ಮಗಳ ಲೆಕ್ಕ ಒಪ್ಪಿಸಬೇಕಾಯಿತು. ಎರಡು ಪುಟ ವಿವರಣೆ ಬರೆದುಕೊಟ್ಟರು. ಆ ನಾಲ್ಕು ದಿನ ಮನೆಯಲ್ಲಿ ಯಾರಿಗೂ ತಿಳಿಯಗೊಡಲಿಲ್ಲ. ಐದನೆಯ ದಿನ ಅಧಿಕಾರಿ ತಾನೇ ಉಗ್ರಾಣಕ್ಕೆ ಬಂದು, ಏನೂ ಇಲ್ಲ ಬಿಡಿ, ತೆಗೆದುಕೊಂಡು ಹೋಗಿ, ಮಗಳಿಗೆ ಶುಭವಾಗಲಿ ಎಂದು ಹೇಳಿ ಕಾಗದ ಕೈಗಿಟ್ಟ. ಒಪ್ಪಿಗೆ ತಿಳಿಸಲು ಫೆಬ್ರುವರಿ ಐದರ ತನಕ ಸಮಯವಿತ್ತು. ಇನ್ನೂ ಎರಡು ವಾರ.

ಅವತ್ತು ಸಂಜೆ ಅವರು ಫ್ಯಾಕ್ಸನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು, ಹೇಳಬೇಕೆಂದೇ ಮನೆಗೆ ಬಂದರು. ಬಾಗಿಲಲ್ಲೇ ಪ್ರಫುಲ್ಲಾ ಕರೆದಳು. ಅಡುಗೆಮನೆಯ ನೆಲದ ಮೇಲೆ ಹಲಗೆ ಇಟ್ಟುಕೊಂಡು ಕೂತಿದ್ದಳು, ತಾಯಿ ಪಕ್ಕದಲ್ಲಿ ಬಣ್ಣದ ಬಟ್ಟಲು ಹಿಡಿದಿದ್ದರು. "ಅಪ್ಪಾ, ಕೈ ತೊಳಕೊಂಡು ಬಾ, ಈ ಮೂಲಿ ಹಿಡಿ" ಎಂದಳು. ಒದ್ದೆ ಕಾಗದದ ಒಂದು ತುದಿಯನ್ನು ಅವರು ಹಿಡಿದರು, ಇನ್ನೊಂದನ್ನು ಅವಳು ಹಿಡಿದಳು. ಇಬ್ಬರೂ ಮೆಲ್ಲಗೆ ಹಲಗೆಯ ಮೇಲೆ ಇಳಿಸಿದರು. ಅವಳು ಬಟ್ಟೆ ಸುತ್ತಿದ ಡಬ್ಬಿಯ ಮುಚ್ಚಳದಿಂದ ಉಜ್ಜತೊಡಗಿದಳು. ಮೂಗಿನ ತುದಿಯಲ್ಲಿ ನೀಲಿ ಬಣ್ಣ ತಾಗಿತ್ತು. ವೀರಭದ್ರಪ್ಪ ಅದನ್ನೇ ನೋಡುತ್ತ ಕೂತರು. ಈ ಅಡುಗೆಮನೆಯಲ್ಲಿ ಇವಳಿಲ್ಲದ ಒಂದೂವರೆ ವರ್ಷ ಹೇಗಿರುತ್ತದೆಂದು ಲೆಕ್ಕ ಹಾಕಿದರು. ಒಂದೂವರೆ ವರ್ಷ ಅಲ್ಲ, ಹೋದವಳು ಮರಳಿದರೂ ಇದೇ ಪ್ರಫುಲ್ಲಾ ಆಗಿ ಮರಳುವುದಿಲ್ಲ ಅನ್ನಿಸಿತು. ನಾಳೆ ಹೇಳಿದರಾಯಿತು ಎಂದುಕೊಂಡರು.

ನಾಳೆಗೆ ಇನ್ನೊಂದು ನಾಳೆ. ಐದನೇ ತಾರೀಖೂ ಹೋಯಿತು.

ಫೆಬ್ರುವರಿ ಕೊನೆಗೆ ಇನ್ನೊಂದು ಫ್ಯಾಕ್ಸ್ ಬಂತು. ಅದನ್ನು ಮೊದಲನೆಯದರ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅಲಮಾರಿನಲ್ಲಿ ವಿಮೆಯ ಕಾಗದಗಳ ಕೆಳಗಿಟ್ಟರು. ಆಫೀಸಿಗೆ ಹೋಗುವ ಮುನ್ನ ಒಮ್ಮೊಮ್ಮೆ ತೆಗೆದು ಓದುತ್ತಿದ್ದರು. ಹರಿದುಹಾಕಲು ಮನಸ್ಸಾಗಲಿಲ್ಲ, ಕೊಡಲು ಧೈರ್ಯವಾಗಲಿಲ್ಲ.

ಪ್ರಫುಲ್ಲಾ ಜನವರಿ ಮುಗಿಯುವ ತನಕ ದಿನಾ ಸಂಜೆ ಏನೂ ಕೇಳದೆ ತಂದೆಯ ಮುಖ ನೋಡುತ್ತಿದ್ದಳು. ಫೆಬ್ರುವರಿಯಲ್ಲಿ ನೋಡುವುದನ್ನೂ ಬಿಟ್ಟಳು. ಅಳಲಿಲ್ಲ. ಪತ್ರ ಬರೆದು ಕೇಳೆಂದು ಗುಣವತಿ ಹೇಳಿದಾಗ, ಆಯ್ಕೆ ಆಗಿದ್ದರೆ ಅವರೇ ತಿಳಿಸುತ್ತಿದ್ದರು, ಬೇಡವೆಂದವರ ಬಾಗಿಲು ಬಡಿಯುವುದು ಬೇಡ ಎಂದಳು. ಏಪ್ರಿಲಿನಲ್ಲಿ, ಯಾಕೂಬ್ ಸಾಹೇಬರು ಕೊಟ್ಟಿದ್ದ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಅವರಿಗೇ ಮರಳಿ ಕೊಟ್ಟುಬಂದಳು. ಅವರ ಕೆಲಸವೂ ಆಗಲೇ ನಿಂತಿತ್ತು, ಲಗ್ನಪತ್ರಿಕೆಯನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡುವ ಹುಡುಗರು ಬಂದಿದ್ದರು. ಜೂನಿನಲ್ಲಿ ಅವಳಿಗೆ ಮಾಧಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಪರದೆಯ ಮೇಲೆ ಒತ್ತುವ ಗುಂಡಿಗಳಿಗೆ ಸಣ್ಣ ಸಣ್ಣ ಚಿತ್ರ ಬಿಡಿಸುವುದು: ಒಂದು ಲಕೋಟೆ, ಒಂದು ಕಸದಬುಟ್ಟಿ, ಒಂದು ಬೀಗ.

ಕಾಲೊನಿಯಲ್ಲಿ ಎಲ್ಲರೂ ವೀರಭದ್ರಪ್ಪನವರ ಅದೃಷ್ಟವನ್ನು ಹೊಗಳಿದರು. ಇದ್ದ ಒಬ್ಬ ಮಗಳು ಕಣ್ಣೆದುರಿಗೇ ಇದ್ದಾಳೆ, ಐಟಿ ಕೆಲಸ, ಮನೆ ಹತ್ತಿರಕ್ಕೆ ಕಂಪನಿಯ ಬಸ್ಸು. ಅವರು ಬಯಸಿದ್ದೆಲ್ಲ ಆಗಿತ್ತು. ಮಗಳು ದಿನಾ ಸಂಜೆ ಮನೆಗೆ ಬರುತ್ತಿದ್ದಳು. ಬಂದು, ಕೈಕಾಲು ತೊಳೆದು, ತಾಯಿ ಹಾಕಿದ್ದನ್ನು ತಿಂದು, ಟಿವಿ ಮುಂದೆ ಕೂತು ನೋಡದೆ ನೋಡುತ್ತಿದ್ದಳು. ದೊಡ್ಡ ಮಳೆ ಬಂದರೂ ಕಿಟಕಿಯ ಹತ್ತಿರ ಹೋಗುತ್ತಿರಲಿಲ್ಲ. ಅಡುಗೆಮನೆಯ ನೆಲ ಸ್ವಚ್ಛವಾಗಿತ್ತು. ವೀರಭದ್ರಪ್ಪ ಯಾರನ್ನು ಉಳಿಸಿಕೊಳ್ಳಬೇಕೆಂದು ಕಾಗದ ಬಚ್ಚಿಟ್ಟರೋ ಅವಳು ಮನೆಯಲ್ಲಿ ಇರಲಿಲ್ಲ. ಅವಳ ಜಾಗದಲ್ಲಿ ಒಬ್ಬ ಮರ್ಯಾದಸ್ತ ಹೆಣ್ಣುಮಗಳು ಓಡಾಡಿಕೊಂಡಿದ್ದಳು. ಮೂರು ಕಡೆಯಿಂದ ಸಂಬಂಧ ಬಂದವು. ಮೂರನ್ನೂ ಅವಳು, ಈಗ ಬೇಡ ಎಂದು ಮೆಲ್ಲಗೆ ಸರಿಸಿದಳು.

ಎರಡು ಸಾವಿರದ ಮೂರರಲ್ಲಿ ಯಾಕೂಬ್ ಸಾಹೇಬರು ತೀರಿಕೊಂಡರು. ಮರುವರ್ಷ ವೀರಭದ್ರಪ್ಪ ನಿವೃತ್ತರಾದರು. ಮನೆಯಲ್ಲಿ ಹಗಲಿಡೀ ಕೂರುವವನಿಗೆ ಅಲಮಾರು ಎಷ್ಟು ಹತ್ತಿರ ಇರುತ್ತದೆ ಎಂದು ಅವರಿಗೆ ಆಗ ತಿಳಿಯಿತು.

ಆಮೇಲೆ ಆದದ್ದು ಇಷ್ಟು. ಎರಡು ಸಾವಿರದ ಐದರ ಮಾರ್ಚ್ ತಿಂಗಳ ಒಂದು ಭಾನುವಾರ, ಹಿಂದಿನ ಓಣಿಯ ಮಾನಸಾ ಎಂಬ ಕಾಲೇಜು ಹುಡುಗಿ ತನ್ನ ಚಿತ್ರಗಳನ್ನು ಪ್ರಫುಲ್ಲಾಗೆ ತೋರಿಸಲು ಬಂದಳು. ವೀರಭದ್ರಪ್ಪ ಒಳಗೆ ಮೂಗಿನ ಮೇಲೆ ಚಾಳೀಸ ಏರಿಸಿ ಪೇಪರು ಓದುತ್ತಿದ್ದರು. ಹೊರಗಿನ ಮಾತು ಕಿವಿಗೆ ಬೀಳುತ್ತಿತ್ತು. ಪ್ರಫುಲ್ಲಾ ಹಾಳೆಗಳನ್ನು ಒಂದೊಂದಾಗಿ ನೋಡಿ, ಚೆನ್ನಾಗಿವೆ ಎಂದಳು. ಆಮೇಲೆ, ಮನೆಯವರೂ ಟೀಚರೂ ಚೆನ್ನಾಗಿದೆ ಅಂದದ್ದನ್ನು ನಂಬಿ ಕೂರಬೇಡ, ನಾನೂ ಹಾಗೇ ನಂಬಿದ್ದೆ, ನಮ್ಮಂಥವರ ಕೈ ಸಾಧಾರಣ ಕೈ, ಹೊರಗಿನವರು ಒಂದು ಸಲ ನೋಡಿದರೆ ಗೊತ್ತಾಗಿಬಿಡುತ್ತದೆ, ಕಂಪ್ಯೂಟರ್ ಕಲಿ ಎಂದಳು. ಆ ಮಾತಿನಲ್ಲಿ ಕಹಿ ಇರಲಿಲ್ಲ. ಬಸ್ಸಿನ ಸಮಯ ಹೇಳಿದ ಹಾಗೆ ಹೇಳಿದಳು.

ವೀರಭದ್ರಪ್ಪ ಪೇಪರು ಮಡಚಿಟ್ಟರು. ಮಗಳು ಜಪಾನಿಗೆ ಹೋಗಲಿಲ್ಲ ಎಂದಷ್ಟೇ ಅವರು ಇಲ್ಲಿಯತನಕ ತಿಳಿದಿದ್ದರು. ತಾವು ಕಿತ್ತುಕೊಂಡದ್ದು ಬೇರೆ ಏನನ್ನೋ ಎಂದು ಅವರಿಗೆ ಅವತ್ತು ತಿಳಿಯಿತು.

ಹುಡುಗಿ ಹೋದ ಮೇಲೆ ಪ್ಲಾಸ್ಟಿಕ್ ಚೀಲ ತೆಗೆದುಕೊಂಡು ಅಂಗಳದ ಕಟ್ಟೆಗೆ ಬಂದರು. ಪ್ರಫುಲ್ಲಾ ತಲೆ ಒಣಗಿಸಿಕೊಳ್ಳುತ್ತ ಕೂತಿದ್ದಳು.

"ಯವ್ವಾ, ನಿನಗೊಂದು ಮಾತ ಹೇಳೂದೈತಿ."

"ಹೇಳಪ್ಪಾ."

"ಆ ಸರ್ತೆ ನೀ ಆಯ್ಕೆ ಆಗಿದ್ದಿ. ಫ್ಯಾಕ್ಸ್ ಬಂದಿತ್ತು. ನಾನ ಇಟ್ಕೊಂಡೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಯಾವ ಫ್ಯಾಕ್ಸ್ ಎಂದು ಕೇಳಿದಳು. ಅವರು ಚೀಲ ಮುಂದೆ ಚಾಚಿದರು. ಅವಳು ಎರಡು ಹಾಳೆಗಳನ್ನು ತೆಗೆದು ಬಿಡಿಸಿದಳು. ಹಾಳೆಗಳು ಕಂದು ಬಣ್ಣಕ್ಕೆ ತಿರುಗಿದ್ದವು, ಅವುಗಳ ಮೇಲೆ ಏನೂ ಇರಲಿಲ್ಲ. ಆಗಿನ ಫ್ಯಾಕ್ಸ್ ಕಾಗದ ಹಾಗೆಯೇ, ವರ್ಷ ಕಳೆದಂತೆ ಅಕ್ಷರ ಆರಿಹೋಗುತ್ತದೆ. ವೀರಭದ್ರಪ್ಪ ಈಚಿನ ಒಂದು ವರ್ಷ ಅದನ್ನು ತೆಗೆದು ನೋಡುವ ಧೈರ್ಯ ಮಾಡಿರಲಿಲ್ಲ. ಅವಳು ಹಾಳೆಯನ್ನು ಬಿಸಿಲಿಗೆ ಎತ್ತಿ ಹಿಡಿದು, ಓರೆ ಮಾಡಿ, ಮತ್ತೆ ಎತ್ತಿ ನೋಡಿದಳು. ಮೇಲಂಚಿನಲ್ಲಿ ಒಂದು ತಾರೀಖು ಮಾತ್ರ ನೆರಳಿನಂತೆ ಉಳಿದಿತ್ತು.

"ಏನ ಬರದಿದ್ರು?" ಎಂದು ಕೇಳಿದಳು.

ಅವರಿಗೆ ಬಾಯಿಪಾಠ ಇತ್ತು. ಎಷ್ಟು ಸಲ ಓದಿದ್ದರೋ. ಶಾಲೆಯ ಹುಡುಗನ ಹಾಗೆ ಕೈಕಟ್ಟಿ ನಿಂತು ಒಂದೊಂದೇ ಸಾಲನ್ನು ಹೇಳಿದರು. ನಿಮ್ಮ ಹನ್ನೆರಡು ಅಚ್ಚುಗಳನ್ನು ನಾವೆಲ್ಲರೂ ನೋಡಿದೆವು. ಇಂಥ ಕೈ ನನ್ನ ಕಾರ್ಯಾಗಾರಕ್ಕೆ ಬಂದು ಬಹಳ ವರ್ಷವಾಯಿತು. ಬುಟ್ಟಿ ಹೊತ್ತ ಹೆಂಗಸಿನ ಸುತ್ತಲಿನ ಬಿಳಿಯನ್ನು ನಾನು ದಿನಾ ನೋಡುತ್ತೇನೆ. ಚಳಿಯ ಬಟ್ಟೆ ತರಬೇಡಿ, ಇಲ್ಲಿ ಇವೆ. ಛತ್ತಾ ಬಜಾರಿನ ಗುರುಗಳಿಗೆ ನನ್ನ ನಮಸ್ಕಾರ. ಇದು ಮೊದಲನೆಯದು. ಎರಡನೆಯದು ಸಣ್ಣದು. ನಿಮ್ಮಿಂದ ಸುದ್ದಿ ಬರಲಿಲ್ಲ. ನೀವು ಆರೋಗ್ಯವಾಗಿದ್ದೀರಾ? ಏಪ್ರಿಲ್ ತನಕ ನಿಮ್ಮ ಜಾಗವನ್ನು ಬೇರೆಯವರಿಗೆ ಕೊಡುವುದಿಲ್ಲ.

ಹೇಳಿ ಮುಗಿಸಿದರು. ಪ್ರಫುಲ್ಲಾ ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ತೆರೆದಿಟ್ಟುಕೊಂಡು ನೋಡುತ್ತಿದ್ದಳು.

"ನನ್ನ ಕೈಯಾಗ ಏನೂ ಇಲ್ಲಂತ ತಿಳ್ಕೊಂಡಿದ್ದೆ" ಎಂದಳು. "ನಾಕ ವರ್ಷ."

ಯಾಕೆ ಎಂದು ಅವಳು ಕೇಳಿಯೇ ಕೇಳುತ್ತಾಳೆಂದು ಅವರು ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದರು. ಅವಳು ಕೇಳದಿದ್ದರೂ ಹೇಳತೊಡಗಿದರು, ಭದ್ರತಾ ಅಧಿಕಾರಿ, ವಿವರಣೆ, ಕೆಲಸದ ಭಯ. ಅರ್ಧಕ್ಕೆ ಅವರಿಗೇ ನಾಚಿಕೆಯಾಯಿತು.

"ಅದೆಲ್ಲಾ ನೆವಾ. ನೀ ಇಲ್ಲದ ಮನ್ಯಾಗ ಇರೂದು ನನ್ನ ಕಡಿಂದ ಆಗತಿರಲಿಲ್ಲ."

ಅವಳು ತಲೆ ಎತ್ತಿದಳು. ಬೈಯಲಿ ಎಂದು ಅವರು ಕಾದರು. ಅವಳು ಹಾಳೆಗಳನ್ನು ಮೊದಲಿದ್ದ ಹಾಗೆಯೇ ಮಡಚಿ, "ಒಳಗ ಹೋಗ್ರಿ ನೀವು, ಬಿಸಿಲ ಬಂತು" ಎಂದಳು.

ಕಿವಿ ತಪ್ಪಿ ಕೇಳಿತೇನೋ ಎಂದುಕೊಂಡರು ವೀರಭದ್ರಪ್ಪ. ಹುಟ್ಟಿದಂದಿನಿಂದ ಅವಳು ಅವರನ್ನು ನೀ ಎಂದೇ ಕರೆದವಳು. ಊರಿಂದ ಬಂದ ಹಿರಿಯರು, ಅಪ್ಪನಿಗೆ ಹಂಗ ಅಂತಾರೇನ ಎಂದು ಗದರಿದಾಗಲೂ ಬಿಟ್ಟಿರಲಿಲ್ಲ. ಮಾಧಾಪುರದ ಆ ಬೇಸರದ ವರ್ಷಗಳಲ್ಲೂ ಅದೊಂದು ಉಳಿದಿತ್ತು. ಸಂಜೆಯ ಹೊತ್ತಿಗೆ, ಊಟ ಮಾಡ್ರಿ, ಆರಾಕತ್ತೈತಿ ಎಂದಾಗ ತಪ್ಪಿ ಕೇಳಿದ್ದಲ್ಲ ಎಂದು ಖಾತ್ರಿಯಾಯಿತು. ಅವಳು ಸಿಟ್ಟು ಮಾಡಲಿಲ್ಲ, ಮಾತು ಬಿಡಲಿಲ್ಲ, ಮನೆ ಬಿಟ್ಟು ಓಡಲಿಲ್ಲ. ಪರರ ಮನೆಯ ಹಿರಿಯರಿಗೆ ಕೊಡುವ ಗೌರವವನ್ನು ಅವರಿಗೆ ಕೊಟ್ಟಳು, ಅಷ್ಟೆ. ಗುಣವತಿಗೂ ಆ ದಿನವೇ ತಿಳಿದದ್ದು. ಅವರು ಒಂದೇ ಮಾತು ಕೇಳಿದರು, "ನನಗರ ಹೇಳಬಾರದಿತ್ತೇನ್ರಿ?" ಆಮೇಲೆ ಆ ವಿಷಯ ಎತ್ತಲಿಲ್ಲ.

ಪ್ರಫುಲ್ಲಾ ಜಪಾನಿಗೆ ಪತ್ರ ಬರೆದಳು. ತಂದೆಯ ಹೆಸರು ತರಲಿಲ್ಲ, ನಿಮ್ಮ ಕಾಗದ ನನಗೆ ಈಗ ತಲುಪಿತು ಎಂದು ಮಾತ್ರ ಬರೆದಳು. ಎರಡು ತಿಂಗಳಿಗೆ ಉತ್ತರ ಬಂತು, ಹಿರಾನೊ ಅವರ ತಂಗಿಯ ಮಗಳು ಬರೆದದ್ದು. ದೊಡ್ಡಮ್ಮನಿಗೆ ಎರಡು ವರ್ಷದಿಂದ ಕಣ್ಣು ಕಾಣುವುದಿಲ್ಲ, ಕಾರ್ಯಾಗಾರ ಮುಚ್ಚಿದೆ. ಆ ವರ್ಷ ಅವರು ಬೇರೆ ಯಾರನ್ನೂ ಆರಿಸಲಿಲ್ಲ, ಭಾರತದ ಹುಡುಗಿ ಕಾಯಿಲೆ ಬಿದ್ದಿರಬೇಕು ಎನ್ನುತ್ತಿದ್ದರು. ನಿಮ್ಮ ಪತ್ರ ಓದಿ ಹೇಳಿದೆ. ಬದುಕಿದ್ದಾಳಲ್ಲ ಎಂದು ನಕ್ಕರು.

ಆ ಪತ್ರವನ್ನು ಪ್ರಫುಲ್ಲಾ ಅಡುಗೆಮನೆಯಲ್ಲಿ ತಾಯಿಗೆ ಓದಿ ಹೇಳಿದಳು. ಓದುವಾಗ ಧ್ವನಿ ಸರಿಯಾಗಿಯೇ ಇತ್ತು. "ಅಕಿ ನನ್ನ ದಾರಿ ನೋಡಿದ್ಲಂತ, ಅವ್ವಾ" ಎಂದದ್ದೇ ತಡ, ತಾಯಿಯ ಸೆರಗಿಗೆ ಮುಖ ಒತ್ತಿ ಅತ್ತಳು. ವೀರಭದ್ರಪ್ಪ ಗೋಡೆಯ ಈಚೆ ನಿಂತು ಕೇಳಿದರು. ನಾಲ್ಕು ವರ್ಷದಲ್ಲಿ ಅವಳು ಅತ್ತದ್ದು ಅದೇ ಮೊದಲು. ಒಳಗೆ ಹೋಗಿ ತಲೆ ನೇವರಿಸದೆ, ಅಲ್ಲಿಂದಲೇ ಹಿಂದೆ ಸರಿದರು.

ಆ ವರ್ಷ ಮಳೆಗಾಲಕ್ಕೆ ಅವಳು ಆಫೀಸಿಗೆ ಹತ್ತಿರವಾಗುತ್ತದೆಂದು ಕೊಂಡಾಪುರದಲ್ಲಿ ಕೋಣೆ ಮಾಡಿದಳು. ಬೇಡ ಎನ್ನುವ ಬಾಯಿ ವೀರಭದ್ರಪ್ಪನವರಿಗೆ ಇರಲಿಲ್ಲ. ಅವಳೇ ಗುಣವತಿಗೆ ಹೇಳಿದಂತೆ, ಛತ್ತಾ ಬಜಾರಿಗೆ ಹೋಗಿ ಯಾಕೂಬ್ ಸಾಹೇಬರ ಮನೆ ಹುಡುಕಿ ಉಳಿಗಳನ್ನು ಕೇಳಿದ್ದಳು. ಸೊಸೆ ಅವನ್ನು ಹಳೆ ಕಬ್ಬಿಣದವನಿಗೆ ಹಾಕಿ ಬಹಳ ದಿನವಾಗಿತ್ತು. ಬೇಗಂ ಬಜಾರಿನಲ್ಲಿ ಹೊಸವನ್ನು ಕೊಂಡಳಂತೆ. ಕೈ ಮೊದಲಿನ ಹಾಗೆ ಮಾತು ಕೇಳುತ್ತಿಲ್ಲವಂತೆ. ಮಗಳ ಬಗ್ಗೆ ಅವರಿಗೆ ತಿಳಿಯುವುದೆಲ್ಲ ಈಗ ಹೀಗೆ, ಹೆಂಡತಿಯ ಬಾಯಿಂದ, 'ಅಂತೆ' ಸೇರಿಕೊಂಡು.

ಮುಂದಿನ ಯುಗಾದಿಗೆ ಅವಳು ಬಂದಳು. ಊಟವಾದ ಮೇಲೆ ಚೀಲದಿಂದ ಒಂದು ಕಾಗದ ತೆಗೆದು ತಾಯಿಯ ಕೈಗೆ ಕೊಟ್ಟು, ಪಾತ್ರೆ ತೊಳೆಯಲು ಹಿಂದಕ್ಕೆ ಹೋದಳು. ಗುಣವತಿ ನೋಡಿ ಗಂಡನ ಕಡೆ ಚಾಚಿದರು. ಅಚ್ಚು ಹಾಕಿದ ಚಿತ್ರ. ಬಣ್ಣದ ಅಂಚು ಒಂದೆರಡು ಕಡೆ ಜಾರಿತ್ತು, ಒಂದು ಗೆರೆ ನಡುವೆ ಮುರಿದಿತ್ತು. ಕೆಳಗೆ ಒಂದು ಸಣ್ಣ ಮನೆಯ ಹೊಸ್ತಿಲು, ಹೊಸ್ತಿಲ ಹೊರಗೆ ಬಿಟ್ಟ ಒಂದು ಜೊತೆ ಚಪ್ಪಲಿ. ಮನೆ ಯಾವ ದೇಶದ್ದೆಂದು ಹೇಳಲಾಗುತ್ತಿರಲಿಲ್ಲ. ಮೇಲೆ ಕಾಗದದ ಉದ್ದಕ್ಕೂ ಬಿಳಿ.

ಅದು ಹಿಮವೋ ಧೂಳೋ ಎಂದು ಕೇಳಬೇಕೆನ್ನಿಸಿತು ವೀರಭದ್ರಪ್ಪನವರಿಗೆ. ಚೆನ್ನಾಗಿದೆ ಎನ್ನಬೇಕೆನ್ನಿಸಿತು. ಆದರೆ ಆ ಮಾತನ್ನು ತಮ್ಮ ಬಾಯಿಂದ ಅವಳು ಯಾಕೆ ನಂಬಬೇಕು? ಕಾಗದವನ್ನು ಕೈಯಳತೆ ದೂರ ಹಿಡಿದರು, ಇನ್ನೂ ದೂರ ಹಿಡಿದರು. ಗೆರೆಗಳು ಒಂದರೊಳಗೊಂದು ಕಲೆತವು.

ಪ್ರಫುಲ್ಲಾ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಅವರನ್ನು ಒಂದು ಕ್ಷಣ ನೋಡಿದಳು.

"ಚಾಳೀಸ ಎಲ್ಲಿಟ್ಟೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಟಿವಿಯ ಮೇಲೆ, ಕಿಟಕಿಯ ಅಂಚಿನಲ್ಲಿ, ದಿಂಬಿನ ಕೆಳಗೆ ಹುಡುಕತೊಡಗಿದಳು.